ಒಲವಿಗೆ ಮೆಚ್ಚುಗೆಯ ಜೊತೆ: ಕ್ರೈಸ್ತ ದಾಂಪತ್ಯವನ್ನು ಕನ್ನಡದಲ್ಲಿ ಓದುವಾಗ

ನಮ್ಮ ಗಡಿನಾಡಿನಲ್ಲಿ ಕನ್ನಡ ತೆಲುಗುಗಳೆರಡಕ್ಕೂ ಸೇರಿದ ಪದಗಳು ಹಲವು. ‘ಮೆಚ್ಚು’ ಎಂಬುದು ಅವುಗಳಲ್ಲಿ ಒಂದು. ಹಿಂದೂಪುರದ ಪೇಟೆಯಲ್ಲಿ ಕನ್ನಡಿಗರೂ ತೆಲುಗರೂ ಅದನ್ನು ಒಂದೇ ಅರ್ಥದಲ್ಲಿ ಆಡುತ್ತಾರೆ. ಹೆಣ್ಣು ನೋಡಿ ಬಂದವರನ್ನು ‘ಮೆಚ್ಚಿಗೆಯಾಯಿತೇ?’ ಎಂದು ಹಿರಿಯರು ವಿಚಾರಿಸುವುದುಂಟು. ಮದುವೆಯಾಗಿ ಹತ್ತು ವರ್ಷ ಕಳೆದ ಮೇಲೆ ಆ ಪ್ರಶ್ನೆಯನ್ನು ಗಂಡನಿಗಾಗಲಿ ಹೆಂಡತಿಗಾಗಲಿ ಯಾರೂ ಹಾಕುವುದಿಲ್ಲ. ಪ್ರೀತಿಯಿದೆಯೇ ಎಂದು ಕೇಳುವುದು ಅಸಭ್ಯ, ಮೆಚ್ಚುಗೆಯಿದೆಯೇ ಎಂದು ಕೇಳುವುದು ಅನಾವಶ್ಯಕ ಎಂದು ನಾವು ತೀರ್ಮಾನಿಸಿಕೊಂಡಂತಿದೆ.

ಒಲವು ಬೇರೆ, ಮೆಚ್ಚುಗೆ ಬೇರೆ. ತಾಯಿಗೆ ದಡ್ಡ ಮಗನ ಮೇಲೂ ಒಲವಿರುತ್ತದೆ, ಅದಕ್ಕೆ ಕಾರಣ ಬೇಕಾಗಿಲ್ಲ. ಮೆಚ್ಚುಗೆಗೆ ಕಾರಣ ಬೇಕು. ಎದುರಿನವರು ಮಾಡಿದ ಕೆಲಸವನ್ನು ಕಣ್ಣಿಟ್ಟು ನೋಡಿ, ತೂಗಿ, ಸರಿ ಎನ್ನಿಸಿದ ಮೇಲೆ ಹುಟ್ಟುವ ಭಾವ ಅದು. ಈ ಎರಡೂ ಗಂಡಹೆಂಡಿರ ನಡುವೆ ಹೇಗೆ ನಡೆಯಬೇಕೆಂದು ಕ್ರೈಸ್ತ ಧರ್ಮಗ್ರಂಥವು ಬಿಡಿಸಿ ಹೇಳಲು ಹೊರಟಿದೆ. ಆದಕಾರಣ ಈ ಲೇಖನಕ್ಕೆ ಕ್ರೈಸ್ತ ದಾಂಪತ್ಯವನ್ನೇ ವಸ್ತುವಾಗಿ ಆರಿಸಿಕೊಂಡಿದ್ದೇನೆ. ನಾನು ಕ್ರೈಸ್ತನಲ್ಲ. ಬೈಬಲ್ಲನ್ನು ಕನ್ನಡ ಗದ್ಯದ ಹಿರಿಯ ಗ್ರಂಥಗಳಲ್ಲೊಂದೆಂದು ಭಾವಿಸಿ ಓದಿದವನು. ನನ್ನ ಮಾತುಗಳು ಸಾಹಿತ್ಯದ ಓದುಗನ ಮಾತುಗಳೇ ಹೊರತು ಧರ್ಮಬೋಧೆಯಲ್ಲ.

ಆ ಗದ್ಯದ ಹುಟ್ಟೂರು ನಮಗೆ ಹತ್ತಿರದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತರು. ವಿಲಿಯಂ ರೀವ್ ಅವರ ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂದಿತ್ತು. ಅನಂತಪುರ ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಅಂದರೆ ಅನುವಾದ ನಡೆಯುತ್ತಿದ್ದಾಗ ಹಿಂದೂಪುರದ ಸೀಮೆಯೂ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ಗ್ರೀಕ್ ಮತ್ತು ಹೀಬ್ರೂ ಭಾಷೆಗಳ ದಾಂಪತ್ಯವು ಕನ್ನಡದ ಮಾತು ಕಲಿತದ್ದು ನಮ್ಮ ಹಳೆಯ ಜಿಲ್ಲಾ ಕೇಂದ್ರದಲ್ಲಿ ಎಂದರೆ ತಪ್ಪಾಗದು.

ಕ್ರೈಸ್ತ ವಿವಾಹಗಳಲ್ಲಿ ಹೆಚ್ಚಾಗಿ ಓದಲ್ಪಡುವ ಭಾಗ ಎಫೆಸದವರಿಗೆ ಪೌಲನು ಬರೆದ ಪತ್ರದ ಐದನೆಯ ಅಧ್ಯಾಯ. ಗಂಡನು ಹೆಂಡತಿಯನ್ನು ತನ್ನ ಶರೀರದಂತೆ ಪ್ರೀತಿಸಬೇಕು, ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟಂತೆ ತನ್ನನ್ನು ಒಪ್ಪಿಸಿಕೊಡಬೇಕು ಎಂಬುದು ಅಲ್ಲಿಯ ಉಪದೇಶ. ಗಂಡಸಿಗೆ ಇಷ್ಟು ಕಠಿಣವಾದ ಕರ್ತವ್ಯವನ್ನು ವಿಧಿಸಿದ ಪ್ರಾಚೀನ ಪಠ್ಯಗಳು ಹೆಚ್ಚಿಲ್ಲ, ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಆದರೆ ಅಧ್ಯಾಯದ ಕೊನೆಗೆ ಬಂದಾಗ ಕ್ರಿಯಾಪದಗಳು ಹಂಚಿಹೋಗುತ್ತವೆ. ಗಂಡನ ಪಾಲಿಗೆ ‘ಪ್ರೀತಿಸು’ ಎಂಬುದು ಬರುತ್ತದೆ. ಹೆಂಡತಿಯ ಪಾಲಿಗೆ ಬರುವ ಗ್ರೀಕ್ ಕ್ರಿಯಾಪದದ ನೇರ ಅರ್ಥ ‘ಭಯಪಡು’ ಎಂದು. ಅದನ್ನು ಗೌರವ ಎಂದು ಮೃದುಗೊಳಿಸಿದವರುಂಟು, ಭಕ್ತಿಯ ಕಡೆಗೆ ಎಳೆದವರೂ ಉಂಟು. ಹೇಗೆ ಅನುವಾದಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಗಂಡನು ಪ್ರೀತಿಸಿ ಸುಮ್ಮನಿರಬಹುದೇ? ಅವನು ಹೆಂಡತಿಯನ್ನು ಮೆಚ್ಚಬೇಕಾಗಿಲ್ಲವೇ?

ಪೇತ್ರನ ಮೊದಲನೆಯ ಪತ್ರ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಗಂಡಂದಿರು ಹೆಂಡತಿಯರಿಗೆ ಮಾನ ಸಲ್ಲಿಸಬೇಕು ಎಂದು ಅಲ್ಲಿದೆ. ಆದರೆ ಅದೇ ಉಸಿರಿನಲ್ಲಿ ಹೆಣ್ಣನ್ನು ಬಲಹೀನವಾದ ಪಾತ್ರೆಗೆ ಹೋಲಿಸಲಾಗಿದೆ. ಬಲವಿಲ್ಲದವಳೆಂದು ಮಾನ ಕೊಡುವುದು ಸೌಜನ್ಯ, ಮೆಚ್ಚುಗೆಯಲ್ಲ. ತರಗತಿಯಲ್ಲಿ ಹಿಂದುಳಿದ ಹುಡುಗನಿಗೆ ಉಪಾಧ್ಯಾಯರು ಕೊಡುವ ಸಮಾಧಾನದ ಅಂಕಗಳನ್ನು ಅದು ನೆನಪಿಗೆ ತರುತ್ತದೆ. (ಅಂಥ ಅಂಕಗಳನ್ನು ನಾನೂ ಧಾರಾಳವಾಗಿ ಕೊಟ್ಟಿದ್ದೇನೆ. ಹುಡುಗರಿಗೆ ಅದರ ಬೆಲೆ ತಿಳಿದೇ ಇರುತ್ತಿತ್ತು.)

ಪೂರ್ಣ ಉತ್ತರ ಇರುವುದು ಹಳೆಯ ಒಡಂಬಡಿಕೆಯಲ್ಲಿ, ಜ್ಞಾನೋಕ್ತಿಗಳ ಮೂವತ್ತೊಂದನೆಯ ಅಧ್ಯಾಯದ ಕಡೆಯ ಇಪ್ಪತ್ತೆರಡು ವಚನಗಳಲ್ಲಿ. ಹೀಬ್ರೂ ವರ್ಣಮಾಲೆಯಲ್ಲಿ ಇಪ್ಪತ್ತೆರಡು ಅಕ್ಷರಗಳು. ಒಂದೊಂದು ವಚನವೂ ಕ್ರಮವಾಗಿ ಒಂದೊಂದು ಅಕ್ಷರದಿಂದ ಆರಂಭವಾಗುತ್ತದೆ. ಹೆಂಡತಿಯ ಗುಣಗಳನ್ನು ಅ ದಿಂದ ಳ ದವರೆಗೆ ಹೇಳಿದಂತೆ! ಅನುವಾದದಲ್ಲಿ ಈ ಚೆಲುವು ಕಳೆದುಹೋಗುವುದು ಅನಿವಾರ್ಯ, ವಿಷಯವಂತೂ ಉಳಿದಿದೆ. ಅಲ್ಲಿಯ ಹೆಂಗಸು ಬೆಳಗಾಗುವ ಮೊದಲೇ ಏಳುತ್ತಾಳೆ, ಹೊಲವನ್ನು ನೋಡಿ ಕೊಳ್ಳುತ್ತಾಳೆ, ದುಡಿದ ಹಣದಿಂದ ದ್ರಾಕ್ಷಿತೋಟ ಹಾಕುತ್ತಾಳೆ, ನೂಲುತ್ತಾಳೆ, ಸರಕು ಮಾರುತ್ತಾಳೆ, ಬಡವರಿಗೆ ಕೈ ನೀಡುತ್ತಾಳೆ. ಅವಳ ಮೈಬಣ್ಣ, ಕಣ್ಣು, ನಡಿಗೆ ಯಾವುದರ ವರ್ಣನೆಯೂ ಇಲ್ಲ. ಸೌಂದರ್ಯವನ್ನು ನೆಚ್ಚಬಾರದೆಂದೇ ಕವಿಯ ಅಭಿಪ್ರಾಯ. ಕೊನೆಯಲ್ಲಿ ಮಕ್ಕಳು ಎದ್ದು ನಿಂತು ಅವಳನ್ನು ಹರಸುತ್ತಾರೆ, ಗಂಡನು ಬಾಯಿಬಿಟ್ಟು ಹೊಗಳುತ್ತಾನೆ. ಅವಳನ್ನು ಕರೆಯಲು ಬಳಸಿದ ಹೀಬ್ರೂ ವಿಶೇಷಣವನ್ನು ಗುಣವತಿ ಎಂಬರ್ಥದಲ್ಲಿ ಅನುವಾದಿಸುವುದು ವಾಡಿಕೆ. ಆದರೆ ಆ ಶಬ್ದ ಬೇರೆಡೆಗಳಲ್ಲಿ ಸೈನ್ಯಕ್ಕೂ ಪರಾಕ್ರಮಕ್ಕೂ ಬಳಕೆಯಾದದ್ದು. ‘ಸಮರ್ಥೆ’ ಎಂದರೆ ಅದಕ್ಕೆ ಹತ್ತಿರವಾದೀತು. ಗುಣವತಿಯನ್ನು ಒಪ್ಪಿಕೊಂಡಷ್ಟು ಸುಲಭವಾಗಿ ಸಮರ್ಥೆಯನ್ನು ಒಪ್ಪಿಕೊಳ್ಳುವ ಗಂಡ ಅಪರೂಪ ಎಂಬುದು ಅನುವಾದಕರ ಅನುಭವವೂ ಇದ್ದಿರಬಹುದೇನೋ.

ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ರಾತ್ರಿ ಊಟಕ್ಕೆ ಮುನ್ನ ಈ ಪದ್ಯವನ್ನು ಮನೆಯಾಕೆಯ ಗೌರವಾರ್ಥವಾಗಿ ಹಾಡುವ ಸಂಪ್ರದಾಯವಿದೆ. ವಾರಕ್ಕೊಮ್ಮೆ, ಮಕ್ಕಳ ಎದುರಿಗೆ, ತಾಯಿಯ ಹೊಗಳಿಕೆ. ನಮ್ಮ ಮನೆಗಳಲ್ಲಿ ಅಡುಗೆಗೆ ಉಪ್ಪು ಕಡಿಮೆಯಾದಾಗ ಮಾತ್ರ ಆಕೆಯ ಪ್ರಸ್ತಾಪ ಬರುತ್ತದೆ.

ಬೈಬಲ್ಲಿನಲ್ಲೇ ಇರುವ ಪರಮಗೀತದ ಕಥೆ ಬೇರೆ. ಅದು ಅಪ್ಪಟ ಒಲವಿನ ಕಾವ್ಯ. ಮೊದಲು ಮಾತೆತ್ತುವವಳೂ ಹೆಣ್ಣು, ಕಡೆಗೆ ಮಾತು ಮುಗಿಸುವವಳೂ ಹೆಣ್ಣು. ಶತಮಾನಗಳ ಕಾಲ ವ್ಯಾಖ್ಯಾನಕಾರರು ಅದನ್ನು ಕ್ರಿಸ್ತ ಮತ್ತು ಸಭೆಯ ಸಂಬಂಧದ ರೂಪಕವೆಂದು ಓದಿದರು. ಶರಣಸತಿ ಲಿಂಗಪತಿ ಭಾವವನ್ನು ಬಲ್ಲ ಕನ್ನಡಿಗರಿಗೆ ಈ ಓದು ಹೊಸದಲ್ಲ. ದೇವರಿಗೂ ಭಕ್ತರಿಗೂ ಅದರಿಂದ ಲಾಭವಾಗಿದೆ, ನಷ್ಟವಾದದ್ದು ಗಂಡಹೆಂಡಿರಿಗೆ. ಅವರ ಪಾಲಿನ ಏಕೈಕ ಕಾವ್ಯವನ್ನು ದೇವಾಲಯದವರು ಎರವಲು ಪಡೆದು ಹಿಂತಿರುಗಿಸಲಿಲ್ಲ.

ಕನ್ನಡದಲ್ಲಿ ಹಾಗಾಗಲಿಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಪ್ರಕಟವಾದಾಗ ಅದನ್ನು ಯಾರೂ ರೂಪಕವೆಂದು ಓದಲಿಲ್ಲ. ಗಂಡ ಹೆಂಡತಿ, ತವರು, ಬಳೆ, ಮುನಿಸು ಎಲ್ಲವೂ ಇದ್ದಂತೆಯೇ ಉಳಿದವು. ಅದಕ್ಕೂ ಮೊದಲು, 1937ರಲ್ಲಿ, ಬೇಂದ್ರೆಯವರ ‘ಸಖೀಗೀತ’ ಹೆಂಡತಿಯನ್ನು ಸಖಿಯೆಂದು ಕರೆದಿತ್ತು. ಸಪ್ತಪದಿಯ ಏಳನೆಯ ಹೆಜ್ಜೆ ಸಖ್ಯಕ್ಕೆ ಎಂಬುದನ್ನು ಪುರೋಹಿತರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡವರು ಬೇಂದ್ರೆ. ಇಷ್ಟಾಗಿಯೂ ‘ಮೈಸೂರು ಮಲ್ಲಿಗೆ’ಯ ಹೆಂಡತಿ ಮನೆಯ ಹೊಸ್ತಿಲಿನಿಂದಾಚೆ ಏನು ಮಾಡಬಲ್ಲಳು ಎಂಬುದು ಆ ಕವನಗಳ ಎಲ್ಲೆಗೆ ಬಂದದ್ದಲ್ಲ. ಒಲವು ಅಲ್ಲಿ ತುಂಬಿದೆ, ನಾನು ಹೇಳುತ್ತಿರುವ ಬಗೆಯ ಮೆಚ್ಚುಗೆಗೆ ಸಂದರ್ಭವೇ ಒದಗಿಲ್ಲ. ನಮ್ಮ ಲೇಪಾಕ್ಷಿಯಲ್ಲಿ ಶಿವಪಾರ್ವತಿಯರ ಕಲ್ಯಾಣಕ್ಕೆಂದು ಎಬ್ಬಿಸಿದ ಮಂಟಪ ಅರ್ಧಕ್ಕೆ ನಿಂತಿದೆ, ಕಂಬಗಳಿವೆ, ಛಾವಣಿಯಿಲ್ಲ. ದಾಂಪತ್ಯದ ಕಾವ್ಯವೂ ಹಲವು ವೇಳೆ ಮದುವೆಯ ಮೊದಲ ವರ್ಷಗಳಲ್ಲೇ ನಿಂತುಬಿಡುತ್ತದೆ.

ಕ್ರೈಸ್ತ ದಂಪತಿಗಳ ಮನೆಯೊಳಗೆ ಕನ್ನಡ ಸಾಹಿತ್ಯ ಎಷ್ಟು ಹೊಕ್ಕಿದೆ? ಕಾರಂತರ ‘ಚೋಮನ ದುಡಿ’ಯಲ್ಲಿ ಗುರುವನು ಕ್ರೈಸ್ತ ಹುಡುಗಿಯನ್ನು ವರಿಸಿ ಮತ ಬದಲಿಸುತ್ತಾನೆ. ಕಾದಂಬರಿಕಾರರ ಲಕ್ಷ್ಯವೆಲ್ಲ ಚೋಮನ ನೋವಿನ ಮೇಲಿದೆ, ಇರಬೇಕಾದದ್ದೂ ಹಾಗೆಯೇ. ಗುರುವನ ಸಂಸಾರ ಹೇಗೆ ಸಾಗಿತೆಂಬುದನ್ನು ನಾವು ಒಳಗೆ ಹೋಗಿ ನೋಡುವುದಿಲ್ಲ.

ಇನ್ನು ಬಾಸೆಲ್ ಮಿಷನ್ನಿನ ದಂಪತಿಗಳು. ಆ ಮಿಷನ್ನಿನ ಬೋಧಕರು ಮದುವೆಯಾಗಬೇಕಾದರೆ ಸಮಿತಿಯ ಅಪ್ಪಣೆ ಬೇಕಿತ್ತು. ಎಷ್ಟೋ ವಧುಗಳು ವರನ ಮುಖವನ್ನೇ ಕಾಣದೆ ಹಡಗು ಹತ್ತಿ ಬಂದರು. ಒಲವು ಮದುವೆಯ ನಂತರ ಬರಲಿ ಎಂದು ನಂಬಿದವರು ನಾವು ಮಾತ್ರವಲ್ಲ! ಕಿಟೆಲ್ಲರ ಮೊದಲ ಪತ್ನಿ ಪೌಲೀನ್ 1864ರಲ್ಲಿ ತೀರಿಕೊಂಡರು. ಮುಂದೆ 1867ರಲ್ಲಿ ಆಕೆಯ ಸೋದರಿ ಯೂಲಿಯವರನ್ನು ಕಿಟೆಲ್ ಕೈಹಿಡಿದರು. ಎಪ್ಪತ್ತು ಸಾವಿರ ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ಮುಖಪುಟದ ಮೇಲೆ ಇರುವುದು ಒಂದೇ ಹೆಸರು. ನಿಘಂಟುಕಾರನ ಸಂಸಾರವನ್ನು ಅಷ್ಟು ವರ್ಷ ಹೊತ್ತವರು ಯಾರೆಂದು ನಿಘಂಟು ಹೇಳಬೇಕಾಗಿಲ್ಲ ನಿಜ. ನಾವಾದರೂ ಕೇಳಬಹುದಿತ್ತು.

ಹೆಂಡತಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲದೆ ಹೋಗುವುದನ್ನು ಅತ್ಯಂತ ಸೂಕ್ಷ್ಮವಾಗಿ ತೋರಿಸಿದ ಕನ್ನಡ ಕೃತಿಯ ಮೂಲ ಒಬ್ಬ ಕ್ರೈಸ್ತ ಲೇಖಕರದು. ಆದರೆ ಅದರೊಳಗಿನ ಮನೆ ಕ್ರೈಸ್ತರದಲ್ಲ. ಸಾಗರದ ನಾ. ಡಿಸೋಜ ಅವರು ಶರಾವತಿ ನೀರಿನಲ್ಲಿ ಮುಳುಗಿದ ಊರುಗಳನ್ನು ಕಂಡು ಬರೆದ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ತೆಲುಗು ಚಿತ್ರಗಳ ಮೂಲಕ ನಮ್ಮ ಕಡೆಯವರಿಗೆ ಮನೆಮಗಳಂತಿದ್ದ ಸೌಂದರ್ಯ ಅದರಲ್ಲಿ ನಾಗಿಯಾಗಿ ಅಭಿನಯಿಸಿದರು, ಚಿತ್ರದ ನಿರ್ಮಾಪಕಿಯೂ ಅವರೇ. ನೀರು ಏರುತ್ತಿದೆ, ಕಾಡುಮೃಗದ ಭಯವಿದೆ, ಊರವರೆಲ್ಲ ಹೊರಟುಹೋಗಿದ್ದಾರೆ. ನಾಗಿಯ ಧೈರ್ಯದಿಂದ ಮನೆ ಉಳಿಯುತ್ತದೆ. ಗಂಡ ಗಣಪ ಕೆಟ್ಟವನೇನಲ್ಲ, ಹೆಂಡತಿಯ ಮೇಲೆ ಪ್ರೀತಿಯೂ ಇದೆ. ಆದರೆ ಉಳಿವಿನ ಕೀರ್ತಿಯನ್ನು ಅವನು ದೈವಕ್ಕೆ ಒಪ್ಪಿಸಿಬಿಡುತ್ತಾನೆ. ಪ್ರೀತಿಯಿದ್ದೂ ಮೆಚ್ಚುಗೆಯಿಲ್ಲದ ದಾಂಪತ್ಯ ಹೇಗೆ ತಣ್ಣಗಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾನು ಕಂಡಿಲ್ಲ.

ಪುಸ್ತಕ, ಚಿತ್ರಗಳ ಮಾತಿನಿಂದ ಈಗ ನಮ್ಮ ಜಿಲ್ಲೆಯಲ್ಲಿ ನಡೆದ ಬದುಕೊಂದಕ್ಕೆ ಬರುತ್ತೇನೆ. ಕಲ್ಯಾಣದುರ್ಗದವರಿಗೆ ಆರ್.ಡಿ.ಟಿ. ಆಸ್ಪತ್ರೆಯನ್ನು ಪರಿಚಯಿಸಬೇಕಾಗಿಲ್ಲ. ಆ ಸಂಸ್ಥೆಯನ್ನು ಕಟ್ಟಿದ ವಿನ್ಸೆಂಟ್ ಫೆರರ್ 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವರು. 1944ರಲ್ಲಿ ಯೇಸುಸಭೆ ಸೇರಿ, 1952ರಲ್ಲಿ ಭಾರತಕ್ಕೆ ಬಂದು, ಮಹಾರಾಷ್ಟ್ರದ ಮನ್ಮಾಡಿನ ಸುತ್ತ ರೈತರ ನಡುವೆ ಕೆಲಸ ಮಾಡಿದರು. 1968ರಲ್ಲಿ ದೇಶ ಬಿಡಬೇಕೆಂಬ ಆಜ್ಞೆಯಾಯಿತು. ರೈತರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಆ ಗದ್ದಲದ ನಡುವೆ ಅವರನ್ನು ಸಂದರ್ಶಿಸಲು ಬಂದವರು ಮುಂಬಯಿಯ ಪತ್ರಿಕೆಯೊಂದರಲ್ಲಿದ್ದ ಇಂಗ್ಲೆಂಡಿನ ತರುಣಿ ಆನ್ ಪೆರಿ. ಮರುವರ್ಷ, 1969ರಲ್ಲಿ, ಹಿಂತಿರುಗಿದ ಫೆರರ್ ಅನಂತಪುರದಲ್ಲಿ ನೆಲೆಸಿದಾಗ ಆನ್ ಕೂಡ ಬಂದರು. 1970ರಲ್ಲಿ ಫೆರರ್ ಯೇಸುಸಭೆಯನ್ನು ತೊರೆದು ಅವರನ್ನು ಮದುವೆಯಾದರು. ವರನಿಗೆ ಐವತ್ತು, ವಧುವಿಗೆ ಅದರ ಅರ್ಧಕ್ಕೂ ಕಡಿಮೆ.

ದೀಕ್ಷೆ ತೊರೆದವನ ಮದುವೆಯನ್ನು ಕ್ರೈಸ್ತ ದಾಂಪತ್ಯದ ಮಾದರಿಯೆನ್ನಬಹುದೇ ಎಂದು ಕ್ರೈಸ್ತ ಮಿತ್ರರು ಆಕ್ಷೇಪಿಸಬಹುದು. ಆಕ್ಷೇಪಕ್ಕೆ ತೂಕವಿದೆ. ಆದರೆ ಮಾರ್ಟಿನ್ ಲೂಥರನೂ ಸನ್ಯಾಸ ಬಿಟ್ಟವನೇ. 1525ರಲ್ಲಿ ಅವನು ಮದುವೆಯಾದ ಕಥರೀನಾ ಕೂಡ ಮಠ ತೊರೆದು ಬಂದ ಸನ್ಯಾಸಿನಿ. ತೋಟ, ದನಕರು, ಅತಿಥಿಗಳು, ಹಣಕಾಸು ಎಲ್ಲವನ್ನೂ ಆಕೆ ನಡೆಸಿದ ರೀತಿ ಕಂಡು ಲೂಥರ್ ಹೆಂಡತಿಯನ್ನು ವಿನೋದವಾಗಿ ‘ಒಡೆಯ’ ಎಂಬರ್ಥದ ಪುಲ್ಲಿಂಗ ಪದದಿಂದ ಕರೆಯುತ್ತಿದ್ದನು. ಕಡೆಗೆ 1542ರ ಉಯಿಲಿನಲ್ಲಿ, ಅಂದಿನ ಕಾನೂನಿನ ಪದ್ಧತಿಯನ್ನೂ ಮೀರಿ, ತನ್ನದೆಲ್ಲವನ್ನೂ ಆಕೆಯ ಹೆಸರಿಗೆ ಬರೆದನು. ವಿನೋದದ ಹಿಂದೆ ಮೆಚ್ಚುಗೆ ಇತ್ತೆನ್ನಲು ಆ ಉಯಿಲೇ ಸಾಕ್ಷಿ.

ಅನಂತಪುರಕ್ಕೆ ಬಂದ ದಂಪತಿಗಳ ವಿಷಯದಲ್ಲಿ ನನ್ನ ಗಮನ ಸೆಳೆದದ್ದು ಅವರ ಪ್ರೇಮಪ್ರಸಂಗಕ್ಕಿಂತ ಮಿಗಿಲಾಗಿ ಕೆಲಸದ ಹಂಚಿಕೆ. ಮಳೆ ಕಾಣದ ಸೀಮೆ, ಕಡಲೆಕಾಯಿ ಬೆಳೆಯೊಂದನ್ನೇ ನಂಬಿದ ಹಳ್ಳಿಗಳು. ಇಲ್ಲಿ ಆನ್ ಅವರು ಸ್ತ್ರೀಯರ ಏಳಿಗೆಯ ಕಾರ್ಯವನ್ನು ತಾವೇ ಹೊತ್ತು ಬೆಳೆಸಿದರು. ಸಂಸ್ಥೆ ಬಡವರಿಗೆ ಕಟ್ಟಿಸಿಕೊಟ್ಟ ಮನೆಗಳು ಮನೆಯಾಕೆಯ ಹೆಸರಿನಲ್ಲಿ ದಾಖಲಾಗುವ ಪದ್ಧತಿ ಬಂತು. 2009ರ ಜೂನ್ 19ರಂದು ವಿನ್ಸೆಂಟ್ ನಿಧನರಾಗಿ ಬತ್ತಲಪಲ್ಲಿಯಲ್ಲಿ ಮಣ್ಣಾದ ಮೇಲೆ ಸಂಸ್ಥೆ ನಿಲ್ಲಲಿಲ್ಲ, ಆನ್ ಅವರು ಮುಂದೆ ನಿಂತು ನಡೆಸಿದರು. ನಲವತ್ತು ವರ್ಷ ಗಂಡನ ಜೊತೆ ಬರಿದೇ ಬಾಳಿದವರಿಗೆ ಇದು ಸಾಧ್ಯವಾಗುತ್ತಿರಲಿಲ್ಲ. ಜೊತೆಗೆ ದುಡಿದಿದ್ದರಿಂದ ಸಾಧ್ಯವಾಯಿತು. ಜ್ಞಾನೋಕ್ತಿಯ ಸಮರ್ಥೆಯನ್ನು ಪುಸ್ತಕದ ಹೊರಗೆ ನೋಡಬಯಸುವವರು ಕಲ್ಯಾಣದುರ್ಗದವರೆಗೆ ಹೋಗಿ ಬಂದರೆ ಸಾಕು.

ಇಲ್ಲಿ ವಿಮರ್ಶಕನಾಗಿ ಒಂದು ಮಾತನ್ನು ಆಡಲೇಬೇಕು. ನಮ್ಮ ಸಭೆಗಳಲ್ಲಿ ಈ ಕಥೆಯನ್ನು ಹೇಳುವವರು ವಿನ್ಸೆಂಟರನ್ನು ದೇವರ ಪೀಠಕ್ಕೆ ಏರಿಸಿಬಿಡುತ್ತಾರೆ. ಕೃತಜ್ಞತೆಯ ಭಾಷೆ ಹಾಗಿರುವುದು ಸಹಜ, ಬರಗಾಲ ಕಂಡವರ ಕೃತಜ್ಞತೆಯನ್ನು ಹಗುರವಾಗಿ ಕಾಣಲಾಗದು. ಆದರೆ ದೇವರಿಗೆ ಭಕ್ತರಿರುತ್ತಾರೆ, ಜೊತೆಗಾತಿ ಇರುವುದಿಲ್ಲ. ಭಾಷಣದಲ್ಲಿ ಆನ್ ಅವರು ಆ ಪೀಠದ ಪಕ್ಕದ ದೀಪವಾಗಿ ಉಳಿಯುತ್ತಾರೆ. ಅವರೇ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟಿಸಿದ ಆತ್ಮಕಥನದ ಹೆಸರು ‘ಒಲವಿನ ಒಪ್ಪಂದ’ ಎಂಬ ಅರ್ಥದ್ದು, ಉಪಶೀರ್ಷಿಕೆ ವಿನ್ಸೆಂಟ್ ಫೆರರ್ ಜೊತೆಗಿನ ಬದುಕು ಎಂದು. ‘ಒಪ್ಪಂದ’ ಎಂಬ ಶಬ್ದ ಬಹಳ ಸರಿಯಾದದ್ದು, ಅದಕ್ಕೆ ಇಬ್ಬರ ರುಜು ಬೇಕು. ಉಪಶೀರ್ಷಿಕೆಯಲ್ಲಿ ಮಾತ್ರ ಲೋಕಕ್ಕೆ ಪರಿಚಿತವಾದ ಹೆಸರೇ ಮುಂದೆ ಬಂದಿದೆ. ಪುಸ್ತಕ ಮಾರುವವರ ಅಗತ್ಯ ಅದಾಗಿರಬಹುದು, ಅಥವಾ ಆಕೆಯ ನಿಜವಾದ ಮೆಚ್ಚುಗೆಯೇ ಇರಬಹುದು. ಇದಕ್ಕೆ ಸರಿಜೋಡಿಯಾಗಿ ‘ಆನ್ ಜೊತೆಗಿನ ಬದುಕು’ ಎಂಬ ಪುಸ್ತಕವೊಂದು ಗಂಡನ ಕೈಯಿಂದ ಬಂದಿದ್ದರೆ ಪೌಲನ ಪತ್ರದ ಆ ಕೊನೆಯ ವಾಕ್ಯಕ್ಕೆ ತಿದ್ದುಪಡಿ ದೊರೆಯುತ್ತಿತ್ತು.

ಮೆಚ್ಚುಗೆಯು ಭಕ್ತಿಯೂ ಅಲ್ಲ, ಭಯವೂ ಅಲ್ಲ ಎಂಬುದನ್ನು ಕನ್ನಡಿಗರಾದ ನಾವು ಬೇರೆಯವರಿಂದ ಕಲಿಯಬೇಕಾದದ್ದಿಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಮಾರಯ್ಯ ಸಿಟ್ಟಾಗದೆ ಹೋಗಿ ಸುರಿದ. ಆ ನಡೆಯಲ್ಲಿ ಹೆಂಡತಿಯ ವಿವೇಕದ ಬಗ್ಗೆ ಅವನಿಗಿದ್ದ ಮೆಚ್ಚುಗೆ ಕಾಣುತ್ತದೆ. ಬೇಡವೆನ್ನುವ ಹಕ್ಕಿದ್ದವಳ ಮೆಚ್ಚುಗೆಗೇ ಬೆಲೆ. ಪೌಲನು ಹೆಂಡತಿಗೆ ವಿಧಿಸಿದ ಭಯದಲ್ಲಿ ಆ ಹಕ್ಕಿಗೆ ಎಡೆಯಿಲ್ಲ. ಪೌಲನು ಗಂಡನಿಗೆ ವಿಧಿಸಿದ ಆತ್ಮಾರ್ಪಣೆಯಲ್ಲಿ ಮಾತ್ರ, ಗಂಡನು ಅದನ್ನು ನಿಜವಾಗಿ ಪಾಲಿಸಿದ್ದೇ ಆದರೆ, ಆ ಎಡೆ ತಾನಾಗಿಯೇ ತೆರೆದುಕೊಳ್ಳುತ್ತದೆ.

ಅನಂತಪುರ ಸೀಮೆಗೆ ಬಂದು ಬಾಳಿದ ಈ ಮನೆತನದ ಕಥೆಯನ್ನು ಸ್ಪೇನಿನವರು ಬರೆದಿದ್ದಾರೆ, ದೂರದರ್ಶನ ಚಿತ್ರವನ್ನೂ ಮಾಡಿದ್ದಾರೆ. ಕನ್ನಡದಲ್ಲಿ ಬರೆಯಹೊರಡುವ ಗಡಿನಾಡಿನ ಯುವಕ ಯುವತಿಯರಿಗೆ ಸಾಮಗ್ರಿ ದೂರದಲ್ಲಿಲ್ಲ. ಬತ್ತಲಪಲ್ಲಿ, ಕಣೇಕಲ್ಲು, ಕಲ್ಯಾಣದುರ್ಗಗಳಿಗೆ ದಿನವೂ ಬಸ್ಸುಗಳಿವೆ. ತಮ್ಮ ಹೆಸರಿನಲ್ಲಿ ಮನೆ ಪಡೆದ ಹೆಂಗಸರು ಇನ್ನೂ ಆ ಮನೆಗಳಲ್ಲೇ ಇದ್ದಾರೆ. ಮನೆಯ ಕಾಗದದ ಮೇಲೆ ಹೆಂಡತಿಯ ಹೆಸರನ್ನು ಮೊದಲ ಸಲ ಓದಿದ ದಿನ ಗಂಡನು ಏನೆಂದನೆಂದು ಅವರನ್ನೇ ವಿಚಾರಿಸಿ ಬರೆದುಕೊಂಡು ಬಂದರೆ, ಮುಂದಿನ ಸಮ್ಮೇಳನದ ಸಂಚಿಕೆಗೆ ಅದನ್ನೇ ಮೊದಲ ಲೇಖನವಾಗಿ ಹಾಕಬೇಕೆಂದು ಸಂಪಾದಕರಲ್ಲಿ ಈಗಲೇ ನಿವೇದಿಸಿಕೊಳ್ಳುತ್ತೇನೆ.